ಬೇಲಿಯ ಹೊರಗಿನ ನಿಮಿಷಗಳು

ವಿಮಾನ ನಿಲ್ದಾಣದ ಅಣಕು ಕಾರ್ಯಾಚರಣೆಗೆ ನಮ್ಮ ಆಸ್ಪತ್ರೆಯ ಆಂಬುಲೆನ್ಸನ್ನೂ ಕರೆದಿದ್ದರು. ಇಂಥ ಪೂರ್ಣ ಪ್ರಮಾಣದ ತಾಲೀಮು 2 ವರ್ಷಕ್ಕೊಮ್ಮೆಯಾದರೂ ನಡೆಯಬೇಕೆಂಬುದು ನಿಯಮ. ನರ್ಸ್ ಆದ ನಾನು ಹಿಂದೆ, ಆಮ್ಲಜನಕದ ಸಿಲಿಂಡರಿನ ಪಕ್ಕ ಕುಳಿತಿದ್ದೆ.

ಸೈರನ್ ಕೇಳಿ ದಾರಿಯುದ್ದಕ್ಕೂ ಜನ ಪಕ್ಕಕ್ಕೆ ಸರಿದರು. ನಮ್ಮನ್ನು ತಡೆದದ್ದು ನಿಲ್ದಾಣದ ಗೇಟು. ವಾಹನದ ನಂಬರ್, ಚಾಲಕರ ಲೈಸೆನ್ಸ್, ನನ್ನ ಗುರುತಿನ ಚೀಟಿ ಎಲ್ಲವೂ ರಿಜಿಸ್ಟರಿಗೆ ಏರಬೇಕಿತ್ತು. “ಬೇಗ ಬಿಡಿ ಸಾರ್, ಒಳಗೆ ಗಾಯಾಳುಗಳಿದ್ದಾರೆ” ಎಂದು ನಮ್ಮ ಚಾಲಕರು ಕೇಳಿಕೊಂಡರು. “ದಾರಿ ತೋರಿಸುವ ಜೀಪು ಬರದೆ ಬಿಡುವ ಹಾಗಿಲ್ಲ ಅಣ್ಣ” ಎಂದರು ಕಾವಲಿನವರು. ಅವರದು ತಪ್ಪಲ್ಲ. ದಾರಿ ಗೊತ್ತಿಲ್ಲದ ವಾಹನ ರನ್‌ವೇಗೆ ನುಗ್ಗಿದರೆ ಇನ್ನೊಂದು ಅನಾಹುತವಾದೀತು. ಆದರೆ ಆ ಜೀಪು ಬೇರೊಂದು ಗೇಟಿನ ಬಳಿ ನಮಗಾಗಿ ಕಾಯುತ್ತಿತ್ತು.

ಕೊನೆಗೂ ಒಳಗೆ ಹೋದರೆ, ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಗಾಯಾಳುವಾಗಿ ಹುಲ್ಲಿನ ಮೇಲೆ ಮಲಗಿದ್ದಳು. ಮಣಿಕಟ್ಟಿಗೆ ಕೆಂಪು ಚೀಟಿ. ಹಳದಿ ಚೀಟಿಯವರು ಸ್ವಲ್ಪ ಕಾಯಬಹುದು, ಹಸಿರಿನವರು ನಡೆದಾಡಬಲ್ಲರು, ಕೆಂಪೆಂದರೆ ತಡಮಾಡುವಂತಿಲ್ಲ. ಅವಳ ಹಣೆಗೆ ಬಳಿದಿದ್ದ ಬಣ್ಣದ ಗಾಯ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಸಂಜೆಯ ಸಭೆಯಲ್ಲಿ ಅಗ್ನಿಶಾಮಕ ದಳದ ವಿಡಿಯೊ ತೋರಿಸಿದರು. ಬಳಕೆಯಲ್ಲಿರುವ ರನ್‌ವೇಯ ಯಾವ ತುದಿಯನ್ನಾದರೂ 3 ನಿಮಿಷದೊಳಗೆ ತಲುಪಬೇಕೆನ್ನುತ್ತದೆ ಅಂತರರಾಷ್ಟ್ರೀಯ ನಿಯಮ; ಅವರು ಅದಕ್ಕೂ ಮೊದಲೇ ನೊರೆ ಚಿಮ್ಮಿಸುತ್ತಿದ್ದರು. ಎಂಥ ಚುರುಕು! ಮನಸಾರೆ ಚಪ್ಪಾಳೆ ತಟ್ಟಿದೆ. ಬೇಲಿಯ ಹೊರಗಿನಿಂದ ಬಂದ ನಮ್ಮ ಸಮಯವನ್ನು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ.

2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಸತ್ತರು. ಬದುಕಿ ಉಳಿದವರು 8 ಮಂದಿ. ಬೇಲಿಯಾಚೆಯ ಇಕ್ಕಟ್ಟಾದ, ಏರಿಳಿತದ ದಾರಿ ಅಗ್ನಿಶಾಮಕ ವಾಹನಗಳಿಗೂ ಕಷ್ಟವಾಗಿತ್ತು. 2020ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ವಿಮಾನ ಅಪಘಾತವಾದಾಗ ಸುತ್ತಲಿನ ಜನ ಮಳೆಯಲ್ಲೇ ಓಡಿಬಂದು ಗಾಯಾಳುಗಳನ್ನು ಸಿಕ್ಕ ಸಿಕ್ಕ ವಾಹನಗಳಲ್ಲಿ ಆಸ್ಪತ್ರೆಗೆ ಸಾಗಿಸಿದರು. ಹೊರಗಿನವರ ನೆರವಿಲ್ಲದೆ ಒಳಗಿನ ಕೆಲಸ ಪೂರ್ತಿಯಾಗುವುದಿಲ್ಲ.

ಹಾಗಾಗಿ ಸಭೆಯಲ್ಲಿ ಎದ್ದು ನಿಂತು ಕೇಳಿದೆ: ಆಂಬುಲೆನ್ಸ್‌ಗಳ ನಂಬರು ಮೊದಲೇ ಗೇಟಿನಲ್ಲಿರಲಿ, ತುರ್ತಿನ ಹೊತ್ತಿನಲ್ಲಿ ರಿಜಿಸ್ಟರ್ ಬೇಡ, ಯಾವ ಗೇಟಿಗೆ ಬರಬೇಕೆಂದು ಗುರುತು ಹಾಕಿದ ನಕ್ಷೆ ಪ್ರತಿ ಚಾಲಕರ ಕೈಗೂ ಸಿಗಲಿ. ಅಧಿಕಾರಿಯೊಬ್ಬರು ಎಲ್ಲವನ್ನೂ ಬರೆದುಕೊಂಡರು. ನಕ್ಷೆ ಬಂದಿದೆ, ನಮ್ಮ ಚಾಲಕರು ಅದನ್ನು ಸ್ಟೀರಿಂಗ್ ಪಕ್ಕದಲ್ಲೇ ಅಂಟಿಸಿಕೊಂಡಿದ್ದಾರೆ. ರಿಜಿಸ್ಟರಿನ ವಿಷಯಕ್ಕೆ ಉತ್ತರ ಬಂದಿಲ್ಲ. ಮುಂದಿನ ತಾಲೀಮಿಗೆ ಮೊದಲು ಮತ್ತೆ ಕೇಳುತ್ತೇನೆ, ಈ ಸಲ ಲಿಖಿತವಾಗಿ.