ನೂರ ನಲವತ್ತು ಫಲಕ, ಒಂದು ಹುಂಜ

ಹರಾಜು ನಾಳೆ ಮಧ್ಯಾಹ್ನ. ಪುಸ್ತಕ ಕೈಗೆ ಸಿಗುವುದು ಇವತ್ತು ಹನ್ನೊಂದರಿಂದ ಸಂಜೆ ಆರರವರೆಗೆ ಮಾತ್ರ. ಪ್ಯಾರಿಸ್ಸಿನ ಆ ಕೋಣೆಯಲ್ಲಿ ಗಾಜಿನ ಕಪಾಟು ತೆಗೆದು ಮೇಜಿನ ಮೇಲಿಟ್ಟದ್ದು ಫ್ರೆಂಚ್ ನಿಸರ್ಗತಜ್ಞ ಪಿಯೆರ್ ಸೊನ್ನೆರಾನ ‘ವಾಯಾಜ್ ಓಝಾಂದ್ ಓರಿಯಾಂತಾಲ್ ಎ ಆ ಲಾ ಶೀನ್’. 1774ರಿಂದ 1781ರವರೆಗೆ ರಾಜಾಜ್ಞೆಯ ಮೇರೆಗೆ ಭಾರತ, ಚೀನಾ ಕಡೆ ಮಾಡಿದ ಯಾನದ ವರದಿ. ಪ್ಯಾರಿಸ್, 1782, ಎರಡು ಕ್ವಾರ್ಟೊ (ಅಚ್ಚಿನ ಹಾಳೆಯನ್ನು ನಾಲ್ಕಾಗಿ ಮಡಚಿದ ಗಾತ್ರ) ಸಂಪುಟ, 140 ಫಲಕ, ಅಂದರೆ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚೊತ್ತಿದ ಚಿತ್ರ. ಕ್ಯಾಟಲಾಗಿನಲ್ಲಿ ಇದಕ್ಕೆ ಎರಡೇ ಸಾಲು, ಕೊನೆಯಲ್ಲಿ ‘ನೊಂ ಕೊಲಾಸಿಯೊನೆ’ ಎಂಬ ಮಾತು. ಹಾಳೆ ತಾಳೆ ನೋಡಿಲ್ಲ, ನೋಡಿಕೊಳ್ಳುವುದು ನಿಮ್ಮ ಪಾಡು ಎಂದರ್ಥ.

ಕೈಯಲ್ಲಿ ಇದ್ದದ್ದು ಹತ್ತು ಪಟ್ಟು ಹಿಗ್ಗಿಸುವ ಮಸೂರ, ಸಣ್ಣ ಟಾರ್ಚು, ಸ್ಕೇಲು, ಪೆನ್ಸಿಲು, ಮತ್ತು 1ರಿಂದ 140ರವರೆಗೆ ಅಂಕಿ ಬರೆದ ಒಂದು ಚೀಟಿ. ಪೆನ್ನು ಮೇಜಿನ ಹತ್ತಿರವೂ ತರಬಾರದು. ಬಿಳಿ ಕೈಗವಸು ಸಿನಿಮಾಕ್ಕೆ ಚೆಂದ, ಕೆಲಸಕ್ಕೆ ಕೇಡು: ಕಾಗದದ ದಪ್ಪ ತಿಳಿಯುವುದಿಲ್ಲ, ಅಂಚು ಸಿಕ್ಕಿಕೊಂಡು ಹರಿಯುತ್ತದೆ. ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿಕೊಂಡ ಬರಿಗೈ ಸಾಕು.

ಮೊದಲು ಎಣಿಕೆ, ಆಮೇಲೆ ಚಿತ್ರದ ಸೊಗಸು. ಈ ಕ್ರಮ ತಪ್ಪಿದರೆ ಎಂಥ ಪಳಗಿದವರೂ ಮೋಸಹೋಗುತ್ತಾರೆ. ಸೊನ್ನೆರಾನ ಫಲಕಗಳಿಗೆ ಎರಡೂ ಸಂಪುಟ ಸೇರಿ ಒಂದೇ ಸರಣಿ ಸಂಖ್ಯೆ. ಒಂದೊಂದೇ ಫಲಕ ನೋಡಿ ಚೀಟಿಯಲ್ಲಿ ಟಿಕ್ ಹಾಕುತ್ತ ಹೋಗಬೇಕು. ಒಟ್ಟು ಎಷ್ಟು ಎಂದಷ್ಟೇ ಎಣಿಸಿದರೆ ಒಂದೇ ಫಲಕ ಎರಡು ಸಲ ಬಂದು ಇನ್ನೊಂದು ಇಲ್ಲದಿರುವುದು ಗೊತ್ತಾಗುವುದಿಲ್ಲ. ಬೈಂಡರ್ ಅಂಚು ಕತ್ತರಿಸುವಾಗ ಚಾಕು ಒಳಗೆ ಸರಿದು ಕೆಲವು ಸಂಖ್ಯೆಗಳು ಅರ್ಧ ಹಾರಿರುತ್ತವೆ. ಅಂಥ ಕಡೆ ಪಠ್ಯದಲ್ಲಿ ಆ ಚಿತ್ರದ ಉಲ್ಲೇಖ ಹುಡುಕಿ ಹೊಂದಿಸಬೇಕು. ಮಡಿಕೆ ಫಲಕಗಳನ್ನು ಪೂರ್ತಿ ಬಿಚ್ಚಿಯೇ ನೋಡಬೇಕು, ಹರಿದಿರುವುದು ಯಾವಾಗಲೂ ಬೆನ್ನಿಗೆ ಅಂಟಿದ ಕಡೆಯೇ.

ಪಠ್ಯದ ತಾಳೆ ಬೇರೆ. ಕ್ವಾರ್ಟೊದಲ್ಲಿ ಒಂದು ಫಾರಂ ಎಂದರೆ ನಾಲ್ಕು ಹಾಳೆ, ಎಂಟು ಪುಟ. ಪ್ರತಿ ಫಾರಂನ ಮೊದಲ ಪುಟದ ಬುಡದಲ್ಲಿ ಒಂದು ಅಕ್ಷರ. ಆ ಕಾಲದ ಮುದ್ರಕರ ಅಕ್ಷರಮಾಲೆಯಲ್ಲಿ ಇಪ್ಪತ್ತಮೂರೇ ಅಕ್ಷರ. ಐ ಮತ್ತು ಜೆ ಒಂದೇ, ಯು ಮತ್ತು ವಿ ಒಂದೇ, ಡಬ್ಲ್ಯು ಇಲ್ಲವೇ ಇಲ್ಲ. ಗೊತ್ತಿಲ್ಲದವರು ಐ ಆದಮೇಲೆ ನೇರ ಕೆ ಬಂದದ್ದನ್ನು ಕಂಡು ಫಾರಂ ಕಳೆದಿದೆ ಎಂದು ಗಾಬರಿಯಾಗುತ್ತಾರೆ. ನಿಜವಾಗಿ ಕಳೆಯುವುದು ಶೀರ್ಷಿಕೆಗೂ ಮುಂಚಿನ, ಪುಸ್ತಕದ ಹೆಸರಷ್ಟೇ ಇರುವ ಅರ್ಧಶೀರ್ಷಿಕೆಯ ಹಾಳೆ. ಅದರಲ್ಲಿ ಏನೂ ಇಲ್ಲ ಎಂದು ಬೈಂಡರುಗಳು ಬಿಸಾಡುತ್ತಿದ್ದರು.

ಮೊದಲ ಸಂಪುಟ ಭಾರತದ್ದು. ಪುದುಚೇರಿ ಸೀಮೆಯ ಕಸುಬುದಾರರು, ದೇವರುಗಳು, ಜಾತ್ರೆ. ಕಂದು ಚುಕ್ಕಿ ಅಲ್ಲಲ್ಲಿ, ಒಂದು ಮೂಲೆಯಲ್ಲಿ ಹಳೇ ನೀರಿನ ಕಲೆ. ಫ್ರೆಂಚರು ಇವಕ್ಕೆ ‘ರುಸ್ಸೂರ್’, ‘ಮುಯ್ಯೂರ್’ ಎನ್ನುತ್ತಾರೆ. ಎರಡೂ ಪ್ರಾಣಾಂತಿಕವಲ್ಲ. ಈ ಕಲೆಗಳೇ ಇಲ್ಲದ, ಹಾಲಿನಂತೆ ಬಿಳಿಯಾದ ಪ್ರತಿ ಸಿಕ್ಕರೆ ಅನುಮಾನ ಪಡಬೇಕು. ಕಲೆ ತೆಗೆಯಲು ತೊಳೆದ ಕಾಗದದಲ್ಲಿ ಬಿಗಿ ಕೊಡುವ ಅಂಟು ಹೋಗಿರುತ್ತದೆ. ಹಾಳೆ ತಿರುವಿದರೆ ಚರಕ್ಕೆನ್ನುವುದಿಲ್ಲ, ಹಳೇ ಪಂಚೆಯ ಹಾಗೆ ಜೋತುಬೀಳುತ್ತದೆ.

ಎರಡನೇ ಸಂಪುಟದಲ್ಲಿ ಚೀನಾ, ಮಡಗಾಸ್ಕರ್ ಮುಂತಾದ ನಾಡುಗಳು, ಕೊನೆಗೆ ಪ್ರಾಣಿ ಪಕ್ಷಿ ಗಿಡಮರ. ಲಿಚಿ ಹಣ್ಣಿನ ವೈಜ್ಞಾನಿಕ ಹೆಸರಿನ ಹಿಂದೆ ಇವತ್ತಿಗೂ ಸೊನ್ನೆರಾನ ಹೆಸರಿರುವುದು ಈ ಸಂಪುಟದಿಂದಾಗಿ. ಎಲ್ಲರಿಗೂ ಬೇಕಾದ ಫಲಕ ಮಾತ್ರ ಕಾಡುಹುಂಜದ್ದು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳಗಿನ ಜಾವ ಕೂಗುವ ಬೂದು ಕಾಡುಕೋಳಿಯೇ ಅದು. 1813ರಲ್ಲಿ ಡಚ್ ಪಕ್ಷಿತಜ್ಞ ಟೆಮ್ಮಿಂಕ್ ಅದಕ್ಕೆ ‘ಗ್ಯಾಲಸ್ ಸೊನ್ನೆರಾಟಿಐ’ ಎಂದು ಹೆಸರಿಟ್ಟ. ಹಕ್ಕಿಯ ವಿಷಯದಲ್ಲಿ ಸೊನ್ನೆರಾನ ಮಾತನ್ನೆಲ್ಲ ನಂಬುವ ಹಾಗಿಲ್ಲ. 1776ರ ಪುಸ್ತಕದಲ್ಲಿ ಆಸ್ಟ್ರೇಲಿಯಾದ ಕೂಕಬುರ್ರಾವನ್ನು ನ್ಯೂಗಿನಿಯ ಹಕ್ಕಿ ಎಂದು ತೋರಿಸಿದ, ಆ ತಪ್ಪು ಅದರ ವೈಜ್ಞಾನಿಕ ಹೆಸರಿನಲ್ಲೇ ಉಳಿದುಬಿಟ್ಟಿದೆ. ಹುಂಜದ ವಿಷಯದಲ್ಲಿ ಮಾತ್ರ ತಪ್ಪಿಲ್ಲ. ಕುತ್ತಿಗೆಯ ಗರಿಗಳ ಮೇಲೆ ಮೇಣ ಹನಿಸಿದಂಥ ಚುಕ್ಕಿಗಳನ್ನು ಕೆತ್ತನೆಗಾರ ಒಂದೊಂದಾಗಿ ಬಿಡಿಸಿದ್ದಾನೆ.

ಮೂರು ಗಂಟೆಗೆ ಚೀಟಿ ತುಂಬಿತು. 140ಕ್ಕೆ 140. ಎದ್ದುಬಿಡಬಹುದಿತ್ತು. ಆದರೆ ಎರಡನೇ ಸಂಪುಟದ ಒಳಅಂಚಿನಲ್ಲಿ ಹುಳು ಕೊರೆದ ತೂತೊಂದಿತ್ತು. ಸಾಸಿವೆ ಕಾಳಿನಷ್ಟು ಅಗಲ, ಮೂವತ್ತು ಹಾಳೆಗಳ ಉದ್ದಕ್ಕೂ ಒಂದೇ ಜಾಗದಲ್ಲಿ. ಹುಂಜದ ಹಿಂದಿನ ಹಾಳೆಯಲ್ಲಿದೆ, ಮುಂದಿನದರಲ್ಲೂ ಇದೆ, ಹುಂಜದ ಹಾಳೆಯಲ್ಲಿ ಇಲ್ಲ. ಹುಳು ಒಂದು ಹಾಳೆ ಬಿಟ್ಟು ಆಚೆಗೆ ಹಾರುವುದಿಲ್ಲ.

ಟಾರ್ಚನ್ನು ಕಾಗದಕ್ಕೆ ಸಮಾನಾಂತರವಾಗಿ, ಅಡ್ಡಲಾಗಿ ಹಿಡಿದಾಗ ಚಿತ್ರದ ಸುತ್ತ ತಾಮ್ರದ ತಗಡು ಒತ್ತಿದ ಚೌಕ ಸ್ಪಷ್ಟವಾಗಿಯೇ ಕಂಡಿತು. ಗೆರೆಯ ಮಸಿ ಬೆರಳಿಗೆ ಉಬ್ಬಾಗಿ ಸಿಗುತ್ತದೆ. ಮಸೂರದಲ್ಲಿ ಫೋಟೊ ಮುದ್ರಣದ ಚುಕ್ಕಿಜಾಲ ಇಲ್ಲ. ಬೆಳಕಿಗೆ ಹಿಡಿದರೆ ಕಾಗದ ಮಾಡುವ ಜಾಲರಿಯ ಗೆರೆಗಳ ನಡುವಿನ ಅಂತರ ಉಳಿದ ಫಲಕಗಳದ್ದಕ್ಕೆ ಹತ್ತಿರ ಹತ್ತಿರ. ನಕಲಲ್ಲ, ಅದೇ ಕಾಲದ ಅಸಲಿ ಮುದ್ರಣ. ಆದರೆ ಎತ್ತರ ಉಳಿದವಕ್ಕಿಂತ 4 ಮಿ.ಮೀ. ಕಡಿಮೆ. ಪುಸ್ತಕದ ಮೂರೂ ಅಂಚಿಗೆ ಹಳೇ ಕೆಂಪು ಬಣ್ಣ ಬಳಿದಿದ್ದಾರೆ, ಈ ಹಾಳೆಯ ಅಂಚು ಮಾತ್ರ ಬರೀ ಬಿಳಿ. ಹೊಲಿಗೆಯ ಕಡೆ ಕತ್ತರಿಸಿ ಉಳಿದ, ಬೆರಳಷ್ಟೂ ಅಗಲವಿಲ್ಲದ ಪಟ್ಟಿ, ಅದಕ್ಕೆ ಅಂಟಿಸಿದ ಗೋಂದು ಇನ್ನೂ ಹೊಳೆಯುತ್ತಿದೆ. ಯಾರೋ ಒಬ್ಬರು ಹುಂಜವನ್ನು ಬ್ಲೇಡಿನಲ್ಲಿ ಕತ್ತರಿಸಿ ಚೌಕಟ್ಟಿಗೆ ಹಾಕಿಸಿದ್ದಾರೆ. ಇನ್ನೊಬ್ಬರು ಬೇರೆ ಪ್ರತಿಯ ಹುಂಜವನ್ನು ತಂದು ಇಲ್ಲಿ ಕೂರಿಸಿದ್ದಾರೆ.

ಆ ‘ಬೇರೆ ಪ್ರತಿ’ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಪಕ್ಕದ ಲಾಟ್ ನೋಡಿದರೆ ಸಾಕಿತ್ತು: ಇದೇ ಪುಸ್ತಕದ ಇನ್ನೊಂದು ಪ್ರತಿಯಿಂದ ಕಿತ್ತ ಹನ್ನೆರಡು ಬಿಡಿ ಹಕ್ಕಿ ಫಲಕ, ಬಣ್ಣ ತುಂಬಿದವು. ಬಣ್ಣ ಹಳೆಯದೋ ನಿನ್ನೆ ಮೊನ್ನೆಯದೋ ತಿಳಿಯಲು ಹಾಳೆಯ ಬೆನ್ನು ನೋಡಬೇಕು. ಹಳೇ ಹಸಿರಿನಲ್ಲಿ ತಾಮ್ರದ ಅಂಶವಿದ್ದರೆ ಅದು ಕಾಲಕ್ರಮದಲ್ಲಿ ಕಾಗದವನ್ನು ಸುಟ್ಟು ಹಿಂಬದಿಗೆ ಕಂದಾಗಿ ಮೂಡುತ್ತದೆ. ಹೊಸ ಬಣ್ಣ ಕಂದು ಚುಕ್ಕಿಯ ಜಾಗದಲ್ಲಿ ಹೆಚ್ಚು ಹೀರಿಕೊಂಡು ಕಪ್ಪಿಡುತ್ತದೆ, ಹರಿದು ಅಂಟಿಸಿದ ಗೆರೆಯ ಮೇಲೂ ಹಾದುಹೋಗಿರುತ್ತದೆ. ಹನ್ನೆರಡರಲ್ಲಿ ಒಂಬತ್ತಕ್ಕೆ ಬೆನ್ನು ಅಚ್ಚ ಬಿಳಿ, ಚುಕ್ಕಿಯ ಜಾಗವೆಲ್ಲ ಕಪ್ಪು. ಬಣ್ಣ ತುಂಬಿದರೆ ಬೆಲೆ ಏರುತ್ತದೆ ಎಂದು ಈಚೆಗೆ ತುಂಬಿಸಿದವು.

ಫ್ರೆಂಚ್ ನಾವಿಕ ಲಾ ಪೆರೂಸ್‌ನ ಯಾನದ 1797ರ ಪುಸ್ತಕದಲ್ಲಿ ಇದೇ ಪಾಡು ಇನ್ನೂ ದೊಡ್ಡದಾಗಿ ಬರುತ್ತದೆ. ನಾಲ್ಕು ಕ್ವಾರ್ಟೊ ಪಠ್ಯ ಒಂದು ಕಪಾಟಿಗೆ, 69 ನಕ್ಷೆ ಮತ್ತು ಚಿತ್ರಗಳ ಫೋಲಿಯೊ (ಹಾಳೆ ಒಮ್ಮೆ ಮಾತ್ರ ಮಡಚಿದ ದೊಡ್ಡ ಗಾತ್ರ) ಅಟ್ಲಾಸ್ ಗಾತ್ರ ಹಿಡಿಸದೆ ಇನ್ನೊಂದಕ್ಕೆ. ಎರಡು ಪೀಳಿಗೆ ಕಳೆದರೆ ಜೋಡಿ ಅಗಲಿರುತ್ತದೆ. ಮತ್ತೆ ಕೂಡಿಸಿದ ಸೆಟ್ಟಿನಲ್ಲಿ ಬೆನ್ನಿನ ಚಿನ್ನದ ಅಚ್ಚುಗಳು ಒಂದಕ್ಕೊಂದು ಹೊಂದುವುದಿಲ್ಲ.

ಹೊರಗಿನಿಂದ ತಂದ ಫಲಕ ಅಪರಾಧವಲ್ಲ, ಹೇಳದೆ ಇಡುವುದು ತಪ್ಪು. ನಮ್ಮ ಲೆಕ್ಕ ಹಿಂದಿನಿಂದ ಮುಂದಕ್ಕೆ: ಕೈಬಿಡುವ ದುಡ್ಡು ಒಟ್ಟು 2,600 ಯೂರೋ, ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕಮಿಷನ್ನು ಶೇ. 30 ಎಂದು ಹಿಡಿದರೆ ಸುತ್ತಿಗೆ ಬೀಳಬೇಕಾದದ್ದು 2,000ಕ್ಕೆ. ಹುಂಜಕ್ಕಾಗಿ ಅದರಲ್ಲಿ ನಾಲ್ಕನೇ ಒಂದು ಭಾಗ ಕಳೆದು, ಚೀಟಿಯ ಮೂಲೆಯಲ್ಲಿ 1,500 ಎಂದು ಬರೆದು, ಹುಂಜದ ಸಂಖ್ಯೆಯ ಟಿಕ್ಕಿಗೆ ಸುತ್ತು ಹಾಕಿದ್ದಾಯಿತು.

ಆರಕ್ಕೆ ಹತ್ತು ನಿಮಿಷ ಇರುವಾಗ ಹಿಂದೆ ಕಾಯುತ್ತಿದ್ದವರೊಬ್ಬರು ಎರಡನೇ ಸಂಪುಟ ಎತ್ತಿಕೊಂಡು ಸೀದಾ ಹುಂಜದ ಪುಟಕ್ಕೆ ಹೋದರು. ತುಂಬ ಹೊತ್ತು ನೋಡಿದರು, ಚಿತ್ರವನ್ನು ಮಾತ್ರ.