ಒಲಿಂಪಿಯಾಕ್ಕೆ ಹೊರಟಿದ್ದೀರಾ? ಮೊದಲು ಹೇರಾ ಗುಡಿಗೆ ಹೋಗಿ

ಗ್ರೀಕರ ‘ಪ’ ಅಕ್ಷರ ನೋಡಲು ಬಾಗಿಲ ಚೌಕಟ್ಟಿನ ಹಾಗಿರುತ್ತದೆ. ಅಥೆನ್ಸಿನಿಂದ, ಹಿಂದೆ ಒಲಿಂಪಿಕ್ ಕ್ರೀಡೆ ನಡೆಯುತ್ತಿದ್ದ ಒಲಿಂಪಿಯಾಕ್ಕೆ ಹೋಗುವವರು ಪಿರ್ಗೋಸ್ ಎಂಬ ಊರಲ್ಲಿ ಬಸ್ಸು ಬದಲಿಸಬೇಕು. ಅದಕ್ಕೇ ಅಕ್ಕನಿಗೆ ‘ಬೋರ್ಡಿನಲ್ಲಿ ಮೊದಲು ಬಾಗಿಲು ಇರೋ ಬಸ್ಸು ಹುಡುಕು’ ಅಂದಿದ್ದೆ. ಹುಡುಕಿ ಹತ್ತಿಯೂ ಬಿಟ್ಟೆವು. ಅದು ಪಾತ್ರಾ ಎಂಬ ಬೇರೆ ಊರಿನ ಬಸ್ಸು. ಪಾತ್ರಾಕ್ಕೂ ಅದೇ ಬಾಗಿಲು! ಟಿಕೆಟ್ ನೋಡಿ ಬಸ್ಸಿನವರು ನಮ್ಮನ್ನು ಇಳಿಸುವಷ್ಟರಲ್ಲಿ ನಮ್ಮ ಬಸ್ಸು ಹೊರಟುಹೋಗಿತ್ತು. ಎರಡೂವರೆ ಗಂಟೆ ಕಾದು ಮುಂದಿನದರಲ್ಲಿ ಹೋದೆವು. ಮುಂದಿನ ಸೀಟಿನವನು ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿದ್ದ. ಐದು ಗಂಟೆ ಅವನ ನೆತ್ತಿಯನ್ನೇ ನೋಡಿದೆ.

ಪಿರ್ಗೋಸ್ ತಲುಪಿದಾಗ ಭಾನುವಾರ ಸಂಜೆ, ಒಲಿಂಪಿಯಾದ ಕೊನೆಯ ಬಸ್ಸು ಹೋಗಿಯಾಗಿತ್ತು. ಉಳಿದದ್ದು ಇಪ್ಪತ್ತು ಕಿಲೋಮೀಟರು. ಟ್ಯಾಕ್ಸಿಯವನು 45 ಯೂರೊ ಕೇಳಿದ. ಮೀಟರ್ ಹಾಕಪ್ಪ ಅಂದರೆ, ಭಾನುವಾರ ಮೀಟರ್ ಇಲ್ಲ ಅಂದ. ನನಗೆ ಮೆಜೆಸ್ಟಿಕ್ ನೆನಪಾಯಿತು. ದಯವಿಟ್ಟು ಭಾನುವಾರ ಹೋಗಬೇಡಿ, ಬೆಳಗಿನ ಬಸ್ಸು ತಪ್ಪಿಸಿಕೊಳ್ಳಬೇಡಿ.

ರೂಮಿನ ಕಥೆ ಬೇರೆ. ‘ಪ್ರಾಚೀನ ಅವಶೇಷಗಳ ನೋಟ’ ಎಂದು 85 ಯೂರೊ ತೆತ್ತಿದ್ದೆ. ಬಾಲ್ಕನಿಯಿಂದ ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕು. ಎಸಿ ರಿಮೋಟು ಕೌಂಟರಿನಲ್ಲಿತ್ತು, ಬೇಕಾದರೆ ರಾತ್ರಿಗೆ ಇನ್ನೂ 8 ಯೂರೊ. ಇಡೀ ಊರೇ ಒಂದು ಮುಖ್ಯಬೀದಿ, ಅವಶೇಷಗಳಿಗೆ ಎಲ್ಲಿಂದ ಹೊರಟರೂ ನಡೆದೇ ಹೋಗಬಹುದು. ನೋಟಕ್ಕೆಂದು ದುಡ್ಡು ಸುರಿಯಬೇಡಿ.

ಆದರೂ ರಾತ್ರಿ ಅಲ್ಲೇ ಉಳಿಯಿರಿ. ಕಟಾಕೊಲೊ ಬಂದರಿಗೆ ಬರುವ ದೊಡ್ಡ ಹಡಗುಗಳ ಜನ ಬಸ್ಸು ಬಸ್ಸಾಗಿ ಬಂದಿಳಿಯುತ್ತಾರೆ. ಹತ್ತು ಗಂಟೆಗೆಲ್ಲ ಛತ್ರಿ ಎತ್ತಿದ ಗೈಡುಗಳ ಹಿಂದೆ ಜಾತ್ರೆ. ನನಗಂತೂ ಜಾತ್ರೆ ಆಗುವುದಿಲ್ಲ. ಗೇಟು ತೆರೆಯುವ ಹೊತ್ತಿಗೇ ಹೋಗಿ ನಿಂತೆವು.

ಒಳಗೆ ಹೋದವರೆಲ್ಲ ನೇರ ಗ್ರೀಕರ ದೇವರಾಜ ಜ್ಯೂಸ್‌ನ ಗುಡಿಗೆ ಓಡುತ್ತಾರೆ. ಅಲ್ಲಿರುವುದು ಭೂಕಂಪಕ್ಕೆ ಉರುಳಿದ ಕಂಬಗಳ ಕಲ್ಲುಗಾಲಿಗಳ ರಾಶಿ. ಫಿಡಿಯಾಸ್ ಎಂಬ ಶಿಲ್ಪಿ ಮಾಡಿದ ಪ್ರಸಿದ್ಧ ಜ್ಯೂಸ್ ಮೂರ್ತಿ ಎಂದೋ ಹೋಯಿತು. ನೀವು ಉತ್ತರಕ್ಕೆ, ಕ್ರೋನೋಸ್ ಗುಡ್ಡದ ಬುಡಕ್ಕೆ ನಡೆಯಿರಿ. ಅಲ್ಲಿರುವ, ಜ್ಯೂಸ್‌ನ ಹೆಂಡತಿ ಹೇರಾಳ ಗುಡಿ ಜ್ಯೂಸ್ ಗುಡಿಗಿಂತ ನೂರು ವರ್ಷಕ್ಕೂ ಹಳೆಯದು, ಕ್ರಿ.ಪೂ. 600ರ ಆಸುಪಾಸಿನದು. ಡೋರಿಕ್ ಎಂಬ ಗ್ರೀಕ್ ಕಟ್ಟಡ ಶೈಲಿಯ ಅತಿ ಹಳೆಯ ಗುಡಿಗಳಲ್ಲೊಂದು. ಉದ್ದ 50 ಮೀಟರ್, ಅಗಲ 19ಕ್ಕೆ ಒಂದಿಷ್ಟು ಕಡಿಮೆ. ಎದುರಿಗೆ ಆರು, ಬದಿಗೆ ಹದಿನಾರು, ಮೂಲೆಯವನ್ನು ಎರಡೆರಡು ಸಲ ಎಣಿಸದಿದ್ದರೆ ಒಟ್ಟು ನಲವತ್ತು ಕಂಬ. ಈಗ ಪೂರ್ತಿ ನಿಂತಿರುವವು ಬೆರಳೆಣಿಕೆಯಷ್ಟು.

‘ಏನೋ ಇದು, ಒಂದು ಕಂಬದ ಹಾಗೆ ಇನ್ನೊಂದಿಲ್ಲ?’ ಅಂದಳು ಅಕ್ಕ. ಅವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಬರಿಗಣ್ಣಿಗೇ ಸಿಕ್ಕಿತು. ಒಂದು ದಪ್ಪ, ಒಂದು ಸಣ್ಣ. ಒಂದರ ತಲೆಯ ಬೋದಿಗೆ ಅನ್ನ ಬಡಿಸಿದ ತಟ್ಟೆಯಂತೆ ಅಗಲಕ್ಕೆ ಹರಡಿದೆ, ಇನ್ನೊಂದರದು ಬಿಗಿಯಾಗಿ ನೆಟ್ಟಗಿದೆ. ಬಹಳ ಮಂದಿ ವಿದ್ವಾಂಸರು ಇದಕ್ಕೆ ಕೊಡುವ ಕಾರಣ ಸರಳ: ಮೊದಲು ಎಲ್ಲವೂ ಮರದ ಕಂಬಗಳು. ಒಂದೊಂದು ಲಡ್ಡಾದ ಹಾಗೆ ಆಯಾ ಕಾಲದ ಶೈಲಿಯಲ್ಲಿ ಕಲ್ಲಿನದು ನಿಲ್ಲಿಸಿದರು, ಶತಮಾನಗಳ ಕಾಲ. ಕ್ರಿ.ಶ. 2ನೇ ಶತಮಾನದಲ್ಲಿ ಬಂದ ಪೌಸಾನಿಯಸ್ ಎಂಬ ಪ್ರವಾಸಿ, ಹಿಂಭಾಗದ ಕೋಣೆಯಲ್ಲಿ ಓಕ್ ಮರದ ಕಂಬವೊಂದು ಇನ್ನೂ ಇತ್ತು ಎಂದು ಬರೆದಿಟ್ಟಿದ್ದಾನೆ. ಏಳುನೂರು ವರ್ಷ ರಿಪೇರಿಯಲ್ಲೇ ಇದ್ದ ಗುಡಿ!

ಗೋಡೆಯ ಕಥೆ ಇನ್ನೂ ಚೆಂದ. ಕೆಳಗಷ್ಟೇ ಕಲ್ಲು, ಮೇಲೆ ಹಸಿ ಇಟ್ಟಿಗೆ. ಹೆಂಚಿನ ಸೂರು ಹೋದ ಮೇಲೆ ಮಳೆಗೆ ಇಟ್ಟಿಗೆ ಕರಗಿ ಜೇಡಿಯಾಗಿ ಒಳಗಿದ್ದದ್ದನ್ನೆಲ್ಲ ಮುಚ್ಚಿತು. 1877ರಲ್ಲಿ ಜರ್ಮನ್ನರು ಅಗೆದಾಗ ಆ ಜೇಡಿಯೊಳಗೆ ದ್ರಾಕ್ಷಾರಸದ ದೇವರಾದ ಮಗು ಡಯೊನೈಸಸ್‌ನನ್ನು ಎತ್ತಿಕೊಂಡ, ದೇವತೆಗಳ ದೂತ ಹರ್ಮಿಸ್‌ನ ಅಮೃತಶಿಲೆಯ ಮೂರ್ತಿ ಸಿಕ್ಕಿತು. ಗೋಡೆ ಪೂರ್ತಿ ಕಲ್ಲಿನದಾಗಿದ್ದರೆ ಅದು ಉಳಿಯುತ್ತಿತ್ತೋ ಇಲ್ಲವೋ.

ನಮ್ಮ ಗುಡಿಗಳ ಲೆಕ್ಕದಲ್ಲಿ ಹೋದರೆ ಇಲ್ಲಿ ತಬ್ಬಿಬ್ಬಾಗುತ್ತೀರಿ. ಅಕ್ಕ ಗರ್ಭಗುಡಿಯ ಮುಂದೆ ನಿಂತು ‘ಪೂಜೆ ಎಲ್ಲಿ ಮಾಡ್ತಿದ್ರು?’ ಅಂದಳು. ಹೊರಗೆ. ಗ್ರೀಕರಿಗೆ ಗುಡಿ ದೇವರ ಮನೆ, ಕಾಣಿಕೆಗಳ ಉಗ್ರಾಣ. ಮುಖ್ಯ ಪೂಜೆ ಬಯಲಿನ ಬಲಿಪೀಠದಲ್ಲಿ. ತೊಡೆಮೂಳೆ, ಕೊಬ್ಬು ಸುಟ್ಟು ಹೊಗೆ ದೇವರಿಗೆ, ಮಾಂಸ ಜನರಿಗೆ. ಜ್ಯೂಸ್‌ನ ಬಲಿಪೀಠವಂತೂ ಬೂದಿಯದೇ. ಬೂದಿಯನ್ನು ಆಲ್ಫಿಯೋಸ್ ಹೊಳೆಯ ನೀರಲ್ಲಿ ಕಲಸಿ ವರ್ಷಕ್ಕೊಮ್ಮೆ ಮೆತ್ತುತ್ತಿದ್ದರು. ಪೌಸಾನಿಯಸ್ ನೋಡಿದಾಗ ಆ ಬೂದಿಗುಡ್ಡ 22 ಅಡಿ ಎತ್ತರವಿತ್ತು. ಈಗ ಒಂದು ಹಿಡಿಯೂ ಕಾಣುವುದಿಲ್ಲ.

ಹೇರಾಳಿಗೆ ನಾಲ್ಕು ವರ್ಷಕ್ಕೊಮ್ಮೆ ಹದಿನಾರು ಹೆಂಗಸರು ಸೇರಿ ಹೊಸ ವಸ್ತ್ರ ನೇಯುತ್ತಿದ್ದರು. ಅವರೇ ಹುಡುಗಿಯರ ಓಟವನ್ನೂ ನಡೆಸುತ್ತಿದ್ದರು. ಗಂಡಸರ ಓಟಕ್ಕಿಂತ ಆರನೇ ಒಂದು ಭಾಗ ಕಡಿಮೆ ದೂರ. ಗೆದ್ದವಳಿಗೆ ಆಲಿವ್ ಕಿರೀಟ, ಬಲಿಯ ಹಸುವಿನಲ್ಲಿ ಪಾಲು. ಒಲಿಂಪಿಕ್ ಜ್ಯೋತಿಯನ್ನು ಕನ್ನಡಿಯಿಂದ ಹೊತ್ತಿಸುವುದೂ ಈ ಗುಡಿಯ ಎದುರಿಗೇ. ‘ಪ್ರಾಚೀನ ಸಂಪ್ರದಾಯ’ ಎಂದು ಗೈಡುಗಳು ಹೇಳಿದರೆ ನಂಬಬೇಡಿ, ಜ್ಯೋತಿಯ ಓಟ ಶುರುವಾದದ್ದು 1936ರ ಬರ್ಲಿನ್ ಕ್ರೀಡೆಗೆ. ಕಲ್ಲಿನ ಮೇಲೆ ಕೂತರೆ ಕಾವಲಿನವರು ಸೀಟಿ ಊದುತ್ತಾರೆ. ಅಕ್ಕನಿಗೆ ಎರಡು ಸಲ ಊದಿದರು.

ಬಿಸಿಲೇರಿದ ಮೇಲೆ ಮ್ಯೂಸಿಯಂಗೆ ಹೋಗಿ. ಹರ್ಮಿಸ್ ಇರುವುದು ಅಲ್ಲೇ. ಹೇರಾ ಗುಡಿಯ ಸೂರಿನ ತುದಿಯಲ್ಲಿದ್ದ, ಎರಡು ಮೀಟರಿಗೂ ಅಗಲದ ಬಣ್ಣದ ಸುಟ್ಟಮಣ್ಣಿನ ಚಕ್ರವೂ ಅಲ್ಲೇ ಇದೆ. ಹೆಚ್ಚಿನವರು ಅದನ್ನು ನೋಡದೆ ದಾಟಿಹೋಗುತ್ತಾರೆ.

ಇನ್ನು ಊಟ. ಮುಖ್ಯಬೀದಿಯ ಚಿತ್ರದ ಮೆನು ಹೋಟೆಲುಗಳನ್ನು ಬಿಟ್ಟು ಹಿಂದಿನ ಓಣಿಗೆ ಹೋಗಿ. ಆರೇ ಮೇಜಿನ ಒಂದು ಮನೆಹೋಟೆಲು, ಅಡುಗೆಗೆ ಒಬ್ಬ ಅಜ್ಜಿ, ಬಡಿಸಲು ಅವಳ ಮಗ. ಅನ್ನ ತುಂಬಿದ ಟೊಮೆಟೊ ತೋರಿಸಿ ‘ಮಾಂಸ ಇದೆಯಾ?’ ಅಂದೆ. ‘ನೆ’ ಅಂದ. ಇಲ್ಲ ಎಂದುಕೊಂಡು ಅಕ್ಕ ಚಮಚ ಎತ್ತಿಬಿಟ್ಟಿದ್ದಳು, ಅಜ್ಜಿ ಕೂಗಿ ತಡೆದಳು. ಗ್ರೀಕಿನಲ್ಲಿ ‘ನೆ’ ಅಂದರೆ ಹೌದು! ಸಸ್ಯಾಹಾರಿಗಳು ‘ನಿಸ್ತೀಸಿಮೊ’ ಎಂಬ ಮಾತು ಕಲಿತುಹೋಗಿ. ಅದು ಅವರ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸೀಗಡಿ, ಕಪ್ಪೆಬೊಂಡಾಸಿನಂಥ ಕಡಲಜೀವಿಗಳು ಅವರ ಉಪವಾಸಕ್ಕೆ ನಡೆಯುತ್ತವೆ, ಅದನ್ನು ಬೇರೆ ಕೇಳಿಕೊಳ್ಳಿ. ನಮಗೆ ಬಂದದ್ದು ನಮ್ಮ ಅವರೆಕಾಳಿನ ಎರಡರಷ್ಟು ದೊಡ್ಡ ಬಿಳಿಕಾಳು, ಟೊಮೆಟೊ ಗೊಜ್ಜಿನಲ್ಲಿ ಒಲೆಯೊಳಗೆ ಬೆಂದದ್ದು, ಅಂಚು ಸ್ವಲ್ಪ ಸೀದದ್ದು. ಜೊತೆಗೆ ನಿಂಬೆಹಣ್ಣು ಹಿಂಡಿದ ಬೆಂದ ಸೊಪ್ಪು, ಬದನೆ-ಆಲೂಗಡ್ಡೆ ಪಲ್ಯ, ಕೇಳಿದಷ್ಟು ಬ್ರೆಡ್ಡು. ಕಾಳಿನ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದೆವು. ಇಬ್ಬರಿಗೂ ಸೇರಿ 19 ಯೂರೊ, ಕೊನೆಗೆ ಪುಕ್ಕಟೆ ಕಲ್ಲಂಗಡಿ. ಎರಡನೇ ದಿನ ಎರಡೂ ಹೊತ್ತು ಅಲ್ಲೇ ಉಂಡೆವು.

ವಾಪಸ್ ಬರುವಾಗ ಡ್ರೈವರ್ ಬೆನ್ನಿನ ಸಾಲಿನಲ್ಲಿ, ಅಂದರೆ ಎಡಗಡೆ ಕಿಟಕಿ ಹಿಡಿಯಿರಿ. ಪಾತ್ರಾ ದಾಟಿದ ಮೇಲೆ ಕೊರಿಂಥ್ ಕೊಲ್ಲಿ ಆ ಬದಿಗೇ ಕಾಣುತ್ತದೆ, ಬಿಸಿಲೂ ಬಲಗಡೆಯವರಿಗೆ.