ಹರಾಜುಕುದ ಹಿಂದಿನ ಗಲ್ಲಿಯಲ್ಲಿ ಮಳೆ

ಟೋಕಿಯೋದ ಹರಾಜುಕು ಸ್ಟೇಷನ್ ಸುತ್ತ ಬರೀ ಬಟ್ಟೆ ಅಂಗಡಿ, ಕಾಲಿಡಲು ಜಾಗವಿಲ್ಲದಷ್ಟು ಜನ. ನನಗೆ ಹಿಡಿಸಲಿಲ್ಲ. ಅಲ್ಲೇ ಒಂದು ಗಲ್ಲಿ ಒಳಗೆ ಹೋದರೆ ಓಟಾ ಮೆಮೋರಿಯಲ್ ಮ್ಯೂಸಿಯಂ. 1980ರಲ್ಲಿ ಶುರುವಾದದ್ದು. ಇಲ್ಲಿರುವುದು ಉಕಿಯೊ-ಎ ಎಂಬ ಹಳೆಯ ಜಪಾನಿ ಶೈಲಿಯ ಚಿತ್ರಗಳು, ಹೆಚ್ಚಿನವು ಮರದ ಅಚ್ಚಿನಿಂದ ಕಾಗದಕ್ಕೆ ಒತ್ತಿದವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬಣ್ಣಗಳು ಬೆಳಕಿಗೆ ಮಾಸುತ್ತವೆ. ಹಾಗಾಗಿ ಆಗಾಗ ಚಿತ್ರಗಳನ್ನು ಬದಲಾಯಿಸುತ್ತಾರೆ, ನಡುವೆ ಕೆಲವು ದಿನ ಬಾಗಿಲು ಹಾಕಿರುತ್ತದೆ. ನಾನು ಇಳಿದುಕೊಂಡಿದ್ದ ಹೋಟೆಲಿನವರು "ತೆರೆದಿದೆ, ಹೋಗಿ" ಎಂದು ನಗುನಗುತ್ತಾ ಕಳಿಸಿದ್ದರು. ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮ್ಯೂಸಿಯಂನವರದೇ ಕ್ಯಾಲೆಂಡರ್ ನೋಡಿಕೊಂಡು ಹೊರಡಿ. ಕ್ಯೋಟೋ, ನಾರಾ ಎಲ್ಲ ಮುಗಿಸಿ, ವಿಮಾನ ಹತ್ತುವ ದಿನ ಮತ್ತೆ ಹೋದೆ.

ಗೋಡೆಯ ಮೇಲೆ ಜಪಾನಿನ ಚಿತ್ರಕಾರ ಹಿರೋಶಿಗೆಯ 1857ರ ಮಳೆಯ ಚಿತ್ರ ಇತ್ತು. ಸೇತುವೆಯ ಮೇಲೆ ಜನ ಛತ್ರಿ ಹಿಡಿದು, ಚಾಪೆ ಹೊದ್ದು ಓಡುತ್ತಿದ್ದಾರೆ. ಕೆಳಗೆ ಹೊಳೆಯಲ್ಲಿ ಒಬ್ಬನೇ ತೆಪ್ಪ ನಡೆಸುತ್ತಿದ್ದಾನೆ. ಮಳೆಯೆಂದರೆ ಕೂದಲೆಳೆಯಂಥ ಗೆರೆಗಳು. ಕುಂಚದಲ್ಲಿ ಎಳೆದದ್ದಲ್ಲ. ಕೆತ್ತುವವನು ಚೆರ್ರಿ ಹಲಗೆಯಲ್ಲಿ ಆ ಗೆರೆಯಷ್ಟನ್ನೇ ಉಬ್ಬಾಗಿ ಉಳಿಸಿ, ಸುತ್ತಲಿನ ಮರವನ್ನೆಲ್ಲ ತೆಗೆದಿದ್ದಾನೆ!

ಪಕ್ಕದಲ್ಲಿ ಒಬ್ಬ ಅಜ್ಜ ನಿಂತಿದ್ದರು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದು ನಿವೃತ್ತರಾದವರಂತೆ. "ಮಳೆಗೆ ಎರಡು ಹಲಗೆ" ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದರು. ಬಗ್ಗಿ ನೋಡಿದೆ. ಹೌದು, ಎರಡು ಬಗೆಯ ಗೆರೆ, ಒಂದಕ್ಕಿಂತ ಇನ್ನೊಂದು ಕೊಂಚ ಓರೆ.

"ಬಣ್ಣಕ್ಕೊಂದು ಹಲಗೆ ಅಂದಮೇಲೆ ಕಾಗದ ಜರುಗಲ್ವಾ?"

ನನ್ನ ಟಿಕೆಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಪ್ರತಿ ಹಲಗೆಯ ಮೂಲೆಯಲ್ಲೊಂದು, ಅಂಚಿನಲ್ಲೊಂದು ಕಚ್ಚು. ಕಾಗದವನ್ನು ಅದಕ್ಕೆ ತಾಗಿಸಿದರೆ ಪ್ರತಿ ಸಲವೂ ಅದೇ ಜಾಗಕ್ಕೆ ಕೂರುತ್ತದೆ. ಆಮೇಲೆ ಬಿದಿರಿನ ಸಿಪ್ಪೆ ಸುತ್ತಿದ ದುಂಡನೆ ಬಿಲ್ಲೆಯಿಂದ ಕಾಗದದ ಬೆನ್ನು ಉಜ್ಜುವುದು. ಅದನ್ನೂ ಗಾಳಿಯಲ್ಲೇ ಉಜ್ಜಿ ತೋರಿಸಿದರು. ಮೇಲಿನ ಕಪ್ಪು ಮೋಡ ಕೆಳಗೆ ಬರುತ್ತ ತೆಳುವಾಗುತ್ತದಲ್ಲ, ಅದು ಕೆತ್ತನೆಯಲ್ಲ. ಒತ್ತುವವನು ಹಲಗೆಯ ಮೇಲೆ ನೀರು ತಾಗಿಸಿ ಬಣ್ಣವನ್ನು ಸವರಿದ್ದು. ಹಾಗಾಗಿ ಒಂದು ಪ್ರತಿಯ ಮೋಡ ಇನ್ನೊಂದರ ಥರ ಇರುವುದಿಲ್ಲ.

ವ್ಯಾನ್ ಗೋ 1887ರಲ್ಲಿ ಇದನ್ನೇ ನೋಡಿಕೊಂಡು ತೈಲವರ್ಣದಲ್ಲಿ ಬರೆದ. ಬಣ್ಣವೇನೋ ಚೆಂದ. ಆದರೆ ಸುತ್ತ ಅಂಚಿನಲ್ಲಿ ತುಂಬಿದ ಜಪಾನಿ ಅಕ್ಷರಗಳು ಸುಮ್ನೆ ಗದ್ದಲ. ಅಜ್ಜನಿಗೆ ಹಾಗೇ ಹೇಳಿದೆ.

"ಪಾಪ, ಅವನಿಗೆ ಕೆತ್ತುವವನು ಸಿಗಲಿಲ್ಲ" ಎಂದು ನಕ್ಕರು.